ಒಂಬತ್ತನೇ ತರಗತಿಗೆ ಗಾಜನೂರು ನವೋದಯವೋ, ಸೈನಿಕ ಶಾಲೆಯೋ?

ಪ್ರಶ್ನೆ: ಮಗ ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ 8ನೇ ತರಗತಿ ಓದುತ್ತಿದ್ದಾನೆ, ಕನ್ನಡ ಮಾಧ್ಯಮ. ಲೆಕ್ಕದಲ್ಲಿ ಚುರುಕು. ಮುಂದಿನ ವರ್ಷ ಹಾಸ್ಟೆಲ್ ಇರುವ ಶಾಲೆಗೆ ಹಾಕಬೇಕೆಂದಿದ್ದೇವೆ. ಗಾಜನೂರು ನವೋದಯ ಒಳ್ಳೆಯದೋ, ಸೈನಿಕ ಶಾಲೆ ಒಳ್ಳೆಯದೋ? ಸೈನಿಕ ಶಾಲೆಗೆ ಸೇರಿದರೆ ಮಿಲಿಟರಿಯಲ್ಲಿ ಆಫೀಸರ್ ಕೆಲಸ ಖಾತ್ರಿಯಂತೆ, ನಿಜವೇ?

ಉತ್ತರ: ಕೊನೆಯ ಸಾಲಿನಿಂದಲೇ ಶುರು ಮಾಡೋಣ. ಖಾತ್ರಿ ಇಲ್ಲ. ಎಷ್ಟು ಸಲ ಹೇಳಿದರೂ ಈ ಗಾಳಿಮಾತು ನಮ್ಮ ಕಡೆ ಸಾಯುತ್ತಿಲ್ಲ. ಸಾಲ ಮಾಡಿ ಫೀಸು ಕಟ್ಟಲು ಹೊರಟ ಮನೆಗಳೂ ಇದನ್ನೇ ನಂಬಿಕೊಂಡಿರುತ್ತವೆ. ಹಾಗಾಗಿ ಮೊದಲು ಇದನ್ನು ಬಿಡಿಸಿ ನೋಡಬೇಕು.

ಸೈನಿಕ ಶಾಲೆಯಿಂದ ಸೇನೆಗೆ ನೇರ ದಾರಿ ಯಾವುದೂ ಇಲ್ಲ. ಹನ್ನೆರಡನೇ ತರಗತಿ ಮುಗಿಸುವ ಹುಡುಗ ಅಧಿಕಾರಿಯಾಗಬೇಕಾದರೆ ಮುಖ್ಯ ದಾರಿ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪ್ರವೇಶ ಪರೀಕ್ಷೆ. ಅದನ್ನು ನಡೆಸುವುದು ಯುಪಿಎಸ್‌ಸಿ, ವರ್ಷಕ್ಕೆ ಎರಡು ಸಲ. ಒಂದೊಂದು ಸಲಕ್ಕೆ ಇಡೀ ದೇಶಕ್ಕೆ ಸುಮಾರು 400 ಸೀಟು. ಸೈನಿಕ ಶಾಲೆಯವರಿಗೆ ಅದರಲ್ಲಿ ಮೀಸಲಾತಿ ಇಲ್ಲ, ಹೆಚ್ಚುವರಿ ಅಂಕವೂ ಇಲ್ಲ. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600, ಒಟ್ಟು 900 ಅಂಕದ ಬರವಣಿಗೆ. ಅದರಲ್ಲಿ ಗೆದ್ದವರಿಗೆ ಎಸ್‌ಎಸ್‌ಬಿ (ಸೇನೆಯ ಆಯ್ಕೆ ಮಂಡಳಿ) ಸಂದರ್ಶನ, ಅದಕ್ಕೆ ಮತ್ತೆ 900 ಅಂಕ. ಐದು ದಿನದ ಆ ಪ್ರಕ್ರಿಯೆಯಲ್ಲಿ ಮೊದಲ ದಿನದ ಜರಡಿಯಲ್ಲೇ ಅನೇಕರನ್ನು ವಾಪಸ್ ಕಳಿಸುತ್ತಾರೆ. ಉಳಿದವರಿಗೆ ಮನಃಶಾಸ್ತ್ರದ ಪರೀಕ್ಷೆ, ಬಯಲಿನಲ್ಲಿ ಗುಂಪು ಚಟುವಟಿಕೆ, ಖಾಸಗಿ ಸಂದರ್ಶನ. ಆಯ್ಕೆಯಾದರೂ ವೈದ್ಯಕೀಯ ತಪಾಸಣೆ ಬಾಕಿ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯ ಒಳಗಿರಬೇಕು. ಇಷ್ಟು ಬಾಗಿಲು ದಾಟುವಾಗ ಹುಡುಗ ಯಾವ ಶಾಲೆಯವನು ಎಂಬುದಕ್ಕೆ ಅಂಕ ಕೊಡುವವರು ಯಾರೂ ಇಲ್ಲ. ಶಿವಮೊಗ್ಗದ ಸಾಧಾರಣ ಪಿಯು ಕಾಲೇಜಿನ ಹುಡುಗನೂ ಅದೇ ಪ್ರಶ್ನೆಪತ್ರಿಕೆ ಬರೆಯುತ್ತಾನೆ. ನೌಕಾಪಡೆ, ವಾಯುಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ಭೂಸೇನೆಗೆ ಯಾವ ವಿಭಾಗವಾದರೂ ಆಯಿತು.

ಹಾಗಾದರೆ ಸೈನಿಕ ಶಾಲೆ ಕೊಡುವುದೇನು? ಕೊಡುವುದು ಖಂಡಿತ ಇದೆ, ಅದನ್ನು ಕಡಿಮೆ ಮಾಡಿ ಹೇಳಬಾರದು. ಬೆಳಗಿನ ಪಿಟಿ, ಪರೇಡ್, ಎನ್‌ಸಿಸಿ, ದಿನವಿಡೀ ಇಂಗ್ಲಿಷ್ ಮಾತು, ನಾಲ್ಕು ಜನರೆದುರು ನಿಂತು ಮಾತಾಡುವ ಅಭ್ಯಾಸ, ಎನ್‌ಡಿಎಗೆ ತಯಾರಿ. ಎಸ್‌ಎಸ್‌ಬಿಯಲ್ಲಿ ನಮ್ಮ ಮಲೆನಾಡಿನ ಮಕ್ಕಳು ಹಿಂದೆ ಬೀಳುವುದು ಬುದ್ಧಿ ಸಾಲದೆ ಅಲ್ಲ, ಬಾಯಿ ಬಿಡದೆ. ಆ ಸಂಕೋಚವನ್ನು ನಾಲ್ಕು ವರ್ಷದ ಕ್ಯಾಂಪಸ್ ಜೀವನ ಬಿಡಿಸುತ್ತದೆ. ಆದರೆ ತಯಾರಿಯೇ ಬೇರೆ, ನೇಮಕಾತಿಯೇ ಬೇರೆ.

ಇದೇ ಗಾಳಿಮಾತಿನ ಇನ್ನೊಂದು ಮಗ್ಗುಲು, ಸೇರಿದ ಮೇಲೆ ಸೇನೆಗೆ ಹೋಗಲೇಬೇಕು ಎಂಬ ತಾಯಂದಿರ ಭಯ. ಅದೂ ಸುಳ್ಳು. ಅಲ್ಲಿಂದ ಹೊರಬಂದವರು ಎಂಜಿನಿಯರ್, ಡಾಕ್ಟರ್ ಆಗುವುದಕ್ಕೆ ಅಡ್ಡಿಯಿಲ್ಲ. ಪ್ರವೇಶದ ವೇಳೆ ಸಹಿ ಹಾಕಿಸುವ ಒಪ್ಪಂದವನ್ನು ಮಾತ್ರ ಪೂರ್ತಿ ಓದಿ. ನಡುವೆ ಬಿಡಿಸಿಕೊಂಡರೆ ಫೀಸು, ವಿದ್ಯಾರ್ಥಿವೇತನದ ಗತಿಯೇನು ಎಂಬುದು ಅದರಲ್ಲಿರುತ್ತದೆ.

ಈಗ ಶಾಲೆಗಳ ವಿಷಯ. ಎರಡರಲ್ಲೂ ಮುಖ್ಯ ಪ್ರವೇಶ 6ನೇ ತರಗತಿಗೆ. 9ಕ್ಕೆ ಸಿಗುವುದು ತೆರವಾದ ಸೀಟು ಮಾತ್ರ. ಆದ್ದರಿಂದ ಎರಡಕ್ಕೂ ಅರ್ಜಿ ಹಾಕಿ. ಒಂದನ್ನೇ ನೆಚ್ಚಿ ಕೂರಬೇಡಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಯೂ 6ನೇ ತರಗತಿಗೇ ನಡೆಯುವುದರಿಂದ ಅವನ್ನು ಇಲ್ಲಿ ತಂದಿಲ್ಲ.

ನವೋದಯದ 9ನೇ ತರಗತಿ ಪರೀಕ್ಷೆ 100 ಅಂಕದ್ದು, ಎರಡೂವರೆ ಗಂಟೆ: ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15. ಹುಡುಗ ಅದೇ ಜಿಲ್ಲೆಯ ನಿವಾಸಿಯಾಗಿರಬೇಕು, ಅದೇ ಜಿಲ್ಲೆಯಲ್ಲಿ 8ನೇ ತರಗತಿ ಓದುತ್ತಿರಬೇಕು. ಗಡಿ ಊರುಗಳಲ್ಲಿ ಎಡವಟ್ಟಾಗುವುದು ಇಲ್ಲೇ: ಮನೆ ತೀರ್ಥಹಳ್ಳಿ ತಾಲ್ಲೂಕು, ಶಾಲೆ ಕೊಪ್ಪ ತಾಲ್ಲೂಕು ಎಂದರೆ ಜಿಲ್ಲೆಯೇ ಬೇರೆಯಾಯಿತು. ಅಂಥವರು ಅರ್ಜಿಗೆ ಮೊದಲೇ ವಿದ್ಯಾಲಯಕ್ಕೆ ಹೋಗಿ ವಿಚಾರಿಸಲಿ. ಖರ್ಚಿನ ಲೆಕ್ಕ ಹಗುರ. ಊಟ, ವಸತಿ, ಪುಸ್ತಕ, ಸಮವಸ್ತ್ರ ಉಚಿತ. 9ರಿಂದ 12ರವರೆಗೆ ವಿಕಾಸ ನಿಧಿ ಎಂದು ತಿಂಗಳಿಗೆ 600 ರೂಪಾಯಿ, ಸರ್ಕಾರಿ ನೌಕರರ ಮಕ್ಕಳಿಗೆ 1500. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡ, ಅಂಗವಿಕಲರು, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಗಾಜನೂರು ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲೇ ಇದೆ. ಮಗನಿಗೆ ಜ್ವರ ಎಂದು ಫೋನ್ ಬಂದರೆ ಅದೇ ದಿನ ಹೋಗಿ ನೋಡಬಹುದು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಮೊದಲ ಸಲ ಮನೆ ಬಿಡುವ ಹುಡುಗನಿಗೆ ಇದು ದೊಡ್ಡ ಆಸರೆ.

ಸೈನಿಕ ಶಾಲೆ ನಮ್ಮಲ್ಲಿ ಹಳೆಯದೆಂದರೆ 1963ರ ವಿಜಯಪುರದ್ದು. ಆಮೇಲೆ 2007ರಲ್ಲಿ ಕೊಡಗಿನ ಕೂಡಿಗೆಯದ್ದು. ಫೀಸು ವರ್ಷಕ್ಕೆ ಲಕ್ಷ ದಾಟುತ್ತದೆ. ಆದಾಯದ ಮೇಲೆ ವಿದ್ಯಾರ್ಥಿವೇತನ ಉಂಟು, ಆದರೆ ಅದು ಕೈಗೆ ಬರುವವರೆಗೆ ಹಣ ಹೊಂದಿಸಿಕೊಳ್ಳಬೇಕು. 9ನೇ ತರಗತಿಯ ಪರೀಕ್ಷೆ 400 ಅಂಕದ್ದು, ಮೂರು ಗಂಟೆ, 150 ಪ್ರಶ್ನೆ. ಗಣಿತದ 50 ಪ್ರಶ್ನೆಗೆ ತಲಾ 4 ಅಂಕ, ಅಂದರೆ ಅರ್ಧ ಪರೀಕ್ಷೆ ಗಣಿತವೇ. ಬುದ್ಧಿಶಕ್ತಿ, ಇಂಗ್ಲಿಷ್, ವಿಜ್ಞಾನ, ಸಮಾಜ ತಲಾ 25 ಪ್ರಶ್ನೆ, ತಲಾ 2 ಅಂಕ. ಪ್ರತಿ ವಿಭಾಗದಲ್ಲಿ ಶೇ 25, ಒಟ್ಟಾರೆ ಶೇ 40 ಬರಲೇಬೇಕು. ಪರಿಶಿಷ್ಟರಿಗೆ ಈ ಕನಿಷ್ಠ ಮಿತಿ ಇಲ್ಲ. ಗಣಿತದಲ್ಲಿ 180 ತೆಗೆದು ಇಂಗ್ಲಿಷ್‌ನಲ್ಲಿ 6 ಪ್ರಶ್ನೆ ಮಾತ್ರ ಸರಿ ಮಾಡಿದವನು 12 ಅಂಕಕ್ಕೆ ನಿಂತು ಹೊರಬೀಳುತ್ತಾನೆ. 7 ಸರಿಯಾಗಿದ್ದರೆ ದಾಟುತ್ತಿದ್ದ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು.

ನಿಮ್ಮ ಮಗನಿಗೆ ನಿಜವಾದ ತೊಡಕು ಇದು: 6ನೇ ತರಗತಿಯ ಸೈನಿಕ ಶಾಲಾ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, 9ನೆಯದು ಇಂಗ್ಲಿಷಿನಲ್ಲಿ ಮಾತ್ರ. ಚಕ್ರಬಡ್ಡಿಯ ಲೆಕ್ಕ ಬಾಯಲ್ಲೇ ಹೇಳುವ ಹುಡುಗ ಇಂಗ್ಲಿಷ್ ವಾಕ್ಯ ಅರ್ಥವಾಗದೆ ಕೈಚೆಲ್ಲುತ್ತಾನೆ. ಇಂಗ್ಲಿಷ್ ಮಾಧ್ಯಮದ 8ನೇ ತರಗತಿ ಗಣಿತ, ವಿಜ್ಞಾನ ಪುಸ್ತಕ ತಂದು, ಶಾಲೆಯಲ್ಲಿ ಆದ ಪಾಠವನ್ನು ಅದೇ ವಾರ ಮನೆಯಲ್ಲಿ ಇನ್ನೊಮ್ಮೆ ಓದಿಸಿ. ಜೂನ್‌ನಲ್ಲಿ ಶುರು ಮಾಡಿದರೆ ಸಾಕಷ್ಟು ಸಮಯವಿದೆ. ನವೆಂಬರಿನಲ್ಲಿ ಕೋಚಿಂಗ್ ಹುಡುಕುವವರಿಗೆ ಇಲ್ಲ.

ಸೈನಿಕ ಶಾಲೆಗೆ ವಯಸ್ಸು ಪ್ರವೇಶದ ವರ್ಷದ ಮಾರ್ಚ್ 31ಕ್ಕೆ 13ರಿಂದ 15ರೊಳಗೆ ಇರಬೇಕು. ಅಲ್ಲಿ ವೈದ್ಯಕೀಯ ತಪಾಸಣೆಯೂ ಇದೆ. ಬಣ್ಣಗುರುಡು ಇದ್ದರೆ ಎನ್‌ಡಿಎ ಹೊತ್ತಿಗೆ ತಿಳಿದು ಅಳುವುದಕ್ಕಿಂತ ಈಗಲೇ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಣ್ಣು ತೋರಿಸುವುದು ಲೇಸು. ಚುಕ್ಕಿಗಳ ನಡುವಿನ ಅಂಕಿ ಓದಿಸುವ ಚಿಕ್ಕ ಪರೀಕ್ಷೆ ಅದು. ಜಾತಿ ಪ್ರಮಾಣಪತ್ರದಲ್ಲೂ ಎಚ್ಚರ: ನಾಡಕಚೇರಿ ಕೊಡುವ 2ಎ, 3ಬಿ ಪತ್ರ ಕೇಂದ್ರದ ಒಬಿಸಿಗೆ ನಡೆಯುವುದಿಲ್ಲ. ಕೇಂದ್ರದ ಪಟ್ಟಿಯೇ ಬೇರೆ, ನಮೂನೆಯೂ ಬೇರೆ.

ನನ್ನ ಅಭಿಪ್ರಾಯ ಕೇಳುವುದಾದರೆ, ಹುಡುಗನೇ ಸಮವಸ್ತ್ರಕ್ಕೆ ಆಸೆಪಟ್ಟಿದ್ದು ಫೀಸು ಕಟ್ಟುವ ಶಕ್ತಿ ಇದ್ದರೆ ಸೈನಿಕ ಶಾಲೆ. ಉಳಿದೆಲ್ಲ ಸಂದರ್ಭಕ್ಕೆ ಗಾಜನೂರು.

ನೀವು ಕೇಳದ ಒಂದು ವಿಷಯ ಇದೆ, ಕೇಳಬೇಕಿತ್ತು. ಈಗಿನ ಶಾಲೆ ಬಿಟ್ಟರೆ ಏನು ಕಳೆದುಕೊಳ್ಳುತ್ತೀರಿ? 8ನೇ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ 9ರಿಂದ ನಾಲ್ಕು ವರ್ಷ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ನವೋದಯ, ಸೈನಿಕ ಶಾಲೆಯಲ್ಲಿ ಓದುವವರಿಗೆ ಅದು ಸಲ್ಲುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಸಿಇಟಿ. ವೃತ್ತಿಪರ ಕೋರ್ಸಿನ ಸೀಟಿನಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಿದೆ. ಎರಡಕ್ಕೂ ಷರತ್ತು ಒಂದೇ: 1ರಿಂದ 10ರವರೆಗೆ ಹತ್ತೂ ವರ್ಷ ಹಾಗೆಯೇ ಓದಿರಬೇಕು. 9ಕ್ಕೆ ಈ ಸಿಬಿಎಸ್‌ಇ ಶಾಲೆಗಳಿಗೆ ಹೋದ ದಿನವೇ ಕನ್ನಡ ಮಾಧ್ಯಮದ ಮೀಸಲಾತಿ ಕೈಬಿಟ್ಟಂತೆ, ಎಂಟು ವರ್ಷ ಕನ್ನಡದಲ್ಲಿ ಓದಿದ್ದರೂ. ಗ್ರಾಮೀಣ ಮೀಸಲಾತಿ ಉಳಿಯುವುದು ಹೊಸ ಶಾಲೆಯೂ ನಗರ ವ್ಯಾಪ್ತಿಯ ಹೊರಗಿದ್ದರೆ ಮಾತ್ರ. ವೈದ್ಯಕೀಯ, ಎಂಜಿನಿಯರಿಂಗ್ ಕಡೆ ಒಲವಿರುವ ಹಳ್ಳಿಯ ಮಗುವಿಗೆ ಈ ಶೇ 15 ಹಲವು ಸಲ ಒಳ್ಳೆಯ ಕಾಲೇಜಿಗೂ ಸಾಧಾರಣ ಕಾಲೇಜಿಗೂ ಇರುವ ಅಂತರ. ಹೋಗುವುದೇ ತೀರ್ಮಾನವಾದರೆ, ವರ್ಗಾವಣೆ ಪತ್ರ ತೆಗೆಯುವ ದಿನವೇ 1ರಿಂದ 8ರವರೆಗಿನ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ, ಬಿಇಒ ಮೇಲುಸಹಿ ಹಾಕಿಸಿಟ್ಟುಕೊಳ್ಳಿ. ನಾಲ್ಕು ವರ್ಷದ ಮೇಲೆ ಕಿರಿಯ ಪ್ರಾಥಮಿಕ ಶಾಲೆಯ ದಾಖಲೆ ಹುಡುಕಿಸುವುದು ಬಹಳ ಕಷ್ಟ, ಅದರಲ್ಲೂ ಆ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿದ್ದರೆ.