ಪಿಯಾನೊ ಸುತ್ತಿಗೆಗೆ ಸೂಜಿ ಚುಚ್ಚುವುದೇಕೆ?

ಶ್ರುತಿ ಕೂದಲೆಳೆಯಷ್ಟೂ ತಪ್ಪಿಲ್ಲದ ಪಿಯಾನೊ ಕೂಡ ಕೆಲವೊಮ್ಮೆ ತಗಡು ಬಡಿದಂತೆ ಕರ್ಕಶವಾಗಿ ಕೇಳಿಸುತ್ತದೆ. ಅಂತಹ ವಾದ್ಯದ ಬಿರಡೆಗಳನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ದೋಷವಿರುವುದು ಬಹುಪಾಲು ತಂತಿಯನ್ನು ಹೊಡೆಯುವ ಪುಟ್ಟ ಸುತ್ತಿಗೆಗೆ ಹೊದಿಸಿರುವ ಉಣ್ಣೆಯಲ್ಲಿ. ಆ ಉಣ್ಣೆಯ ಗಡಸುತನವನ್ನು ಹದಗೊಳಿಸಿ ನಾದವನ್ನು ತಿದ್ದುವ ಕೆಲಸಕ್ಕೆ ವಾಯ್ಸಿಂಗ್ ಎಂದು ಹೆಸರು.

1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೋರಿ ಪಿಯಾನೊವನ್ನು ರೂಪಿಸಿದಾಗ ಸುತ್ತಿಗೆಗಳಿಗೆ ತೊಗಲಿನ ಹೊದಿಕೆಯಿತ್ತು. ಉಣ್ಣೆಯ ದಟ್ಟ ಹಾಳೆಯಾದ ಫೆಲ್ಟಿನ ಹೊದಿಕೆಗೆ ಪ್ಯಾರಿಸ್ಸಿನ ಪಾಪ್ ಎಂಬ ಪಿಯಾನೊ ತಯಾರಕ ಪೇಟೆಂಟ್ ಪಡೆದದ್ದು 1826ರಲ್ಲಿ. ಕುರಿಯ ಉಣ್ಣೆಯ ಎಳೆಗಳ ಮೈಮೇಲೆ ಸೂಕ್ಷ್ಮ ಹುರುಪೆಗಳಿರುತ್ತವೆ. ತೇವ, ಶಾಖ ಮತ್ತು ಒತ್ತಡಗಳಿಗೆ ಸಿಕ್ಕಾಗ ಅವು ಒಂದಕ್ಕೊಂದು ತೊಡರಿಕೊಂಡು, ನೇಯ್ಗೆಯಿಲ್ಲದೆಯೇ ದಟ್ಟವಾದ ಹಾಳೆಯಾಗುತ್ತವೆ. ಈ ಹಾಳೆಯನ್ನು ಮರದ ಅಚ್ಚಿನ ಸುತ್ತ ಬಲವಾಗಿ ಎಳೆದು ಬಾಗಿಸಿ ಅಂಟಿಸುವುದರಿಂದ ಹೊರಪದರಗಳು ಬಿಗಿದು ನಿಲ್ಲುತ್ತವೆ, ಒಳಪದರಗಳು ಅದುಮಿಕೊಂಡಿರುತ್ತವೆ. ಸುತ್ತಿಗೆಯ ತಲೆಯೆಂದರೆ ಹೀಗೆ ಬಿಗಿದಿಟ್ಟ ಒಂದು ಸ್ಪ್ರಿಂಗ್.

ಆದರೆ ಇದು ಸಾಮಾನ್ಯ ಸ್ಪ್ರಿಂಗ್ ಅಲ್ಲ. ಸಾಮಾನ್ಯ ಸ್ಪ್ರಿಂಗನ್ನು ಇಮ್ಮಡಿ ಅದುಮಿದರೆ ಅದು ಇಮ್ಮಡಿ ಬಲದಿಂದ ಎದುರೊತ್ತುತ್ತದೆ. ಫೆಲ್ಟನ್ನು ಇಮ್ಮಡಿ ಅದುಮಿದರೆ ಎದುರೊತ್ತುವ ಬಲ ನಾಲ್ಕು ಪಟ್ಟು, ಎಂಟು ಪಟ್ಟು, ಕೆಲವು ಸುತ್ತಿಗೆಗಳಲ್ಲಿ ಅದಕ್ಕೂ ಹೆಚ್ಚಾಗುತ್ತದೆ. ಮೆಲ್ಲಗೆ ನುಡಿಸಿದಾಗ ಮೃದುವಾಗಿರುವ ಸುತ್ತಿಗೆ ಜೋರಾಗಿ ನುಡಿಸಿದಾಗ ತಾನಾಗಿಯೇ ಗಡುಸಾಗುತ್ತದೆ ಎಂದಾಯಿತು. ಸುತ್ತಿಗೆ ಗಡುಸಾದಷ್ಟೂ ತಂತಿಯನ್ನು ಬೇಗ ಬಿಟ್ಟು ಹಿಂದೆ ಸರಿಯುತ್ತದೆ. ಮಂದ್ರದ ತಂತಿಗಳಲ್ಲಿ ಸುಮಾರು 4 ಮಿಲಿಸೆಕೆಂಡು, ಅತಿ ತಾರದಲ್ಲಿ 1 ಮಿಲಿಸೆಕೆಂಡಿಗೂ ಕಡಿಮೆ ಇರುವ ಈ ಸ್ಪರ್ಶಕಾಲವೇ ನಾದದ ಬಣ್ಣವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಮೂಲಸ್ವರದೊಂದಿಗೆ ಹುಟ್ಟುವ ಉಪಸ್ವರಗಳಲ್ಲಿ ವೇಗವಾಗಿ ಕಂಪಿಸುವಂಥವು, ಸುತ್ತಿಗೆ ತಂತಿಗೆ ಅಂಟಿಕೊಂಡಿರುವಷ್ಟು ಹೊತ್ತೂ ಅದುಮಲ್ಪಟ್ಟು ಅಡಗುತ್ತವೆ. ಸ್ಪರ್ಶ ದೀರ್ಘವಾದರೆ ನಾದ ಮಂಕಾಗುತ್ತದೆ, ಹ್ರಸ್ವವಾದರೆ ಹೊಳಪು ಬರುತ್ತದೆ, ಅತಿಯಾದರೆ ತಗಡಿನ ಸದ್ದು.

ಈ ಕ್ಷಣಿಕ ಆಘಾತ ನಮ್ಮ ಸಿ. ವಿ. ರಾಮನ್ ಅವರನ್ನೂ ಸೆಳೆದಿತ್ತು. ಬೆಂಗಳೂರಿಗೆ ಬರುವುದಕ್ಕೆ ಬಹಳ ಮೊದಲು, ಕಲ್ಕತ್ತೆಯಲ್ಲಿದ್ದಾಗ, ಅವರು ಬ್ಯಾನರ್ಜಿ ಎಂಬ ಸಹೋದ್ಯೋಗಿಯೊಂದಿಗೆ ಪಿಯಾನೊ ಸುತ್ತಿಗೆಯ ಆಘಾತದ ಸಿದ್ಧಾಂತವನ್ನು ಕುರಿತ ಪ್ರಬಂಧವನ್ನು 1920ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೃದಂಗದ ಕರಣೆ, ಅಂದರೆ ಬಲಮುಖದ ನಡುವಿನ ಕಪ್ಪು ಲೇಪ, ಉಪಸ್ವರಗಳನ್ನು ಹೇಗೆ ಹೊಂದಿಸುತ್ತದೆ ಎಂಬ ಅವರ ಬರಹ ಬಂದದ್ದೂ ಅದೇ ವರ್ಷ.

ವರ್ಷಗಳ ಬಳಕೆಯಲ್ಲಿ ಉಣ್ಣೆ ಒತ್ತಿ ಗಟ್ಟಿಯಾಗುತ್ತದೆ, ತಂತಿಗಳ ಗುರುತು ಗೀರುಗಳಾಗಿ ಕೊರೆಯುತ್ತದೆ. ಕಲಿಯುವವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಮೊದಲೇ ಸೂಜಿ ಹಿಡಿಯುವುದು. ಶ್ರುತಿ ಮತ್ತು ಕೀಲಿಗಳ ಯಂತ್ರಭಾಗ ಸರಿಯಾದ ಮೇಲೆ, ಮರಳುಕಾಗದದ ಪಟ್ಟಿಯಿಂದ ಭುಜದಿಂದ, ಅಂದರೆ ತಲೆಯ ಬದಿಯಿಂದ, ತಂತಿಗೆ ತಾಗುವ ತುದಿಯ ಕಡೆಗೆ ಪದರ ಪದರವಾಗಿ ಉಜ್ಜಿ ಸುತ್ತಿಗೆಯ ದುಂಡನೆಯ ಆಕಾರವನ್ನು ಮರಳಿಸಬೇಕು. ಆಮೇಲೆ ಸುತ್ತಿಗೆಯನ್ನು ಮೆಲ್ಲಗೆ ತಂತಿಗಳಿಗೆ ತಾಗಿಸಿ ಹಿಡಿದು, ಒಂದೇ ಸ್ವರದ ಮೂರು ತಂತಿಗಳನ್ನೂ ಒಂದೊಂದಾಗಿ ಉಗುರಿನಿಂದ ಮೀಟಿ ನೋಡಬೇಕು. ಯಾವುದು ಮೊಳಗುತ್ತದೆಯೋ ಅದನ್ನು ಸುತ್ತಿಗೆ ಮುಟ್ಟಿಲ್ಲ; ಮೂರಕ್ಕೂ ಒಟ್ಟಿಗೆ ತಾಗುವಂತೆ ಸರಿಪಡಿಸಬೇಕು. ಕರ್ಕಶವೆಂದು ನಾವು ದೂರುವ ಎಷ್ಟೋ ಸ್ವರಗಳು ಇಷ್ಟರಲ್ಲೇ ಸರಿಹೋಗುತ್ತವೆ.

ಸೂಜಿಯ ಸರದಿ ಅನಂತರದ್ದು. ಹಿಡಿಗೆ ಜೋಡಿಸಿದ ಎರಡು ಮೂರು ಸೂಜಿಗಳನ್ನು, ಗಡಿಯಾರದ ಹತ್ತು ಮತ್ತು ಎರಡರ ಗುರುತುಗಳಿರುವ ಕಡೆ, ಅಂದರೆ ಸುತ್ತಿಗೆಯ ಭುಜಗಳಲ್ಲಿ, ಒಳಗಿನ ಮರದ ದಿಕ್ಕಿಗೆ ಆಳವಾಗಿ ಚುಚ್ಚುತ್ತಾರೆ. ತಂತಿಗೆ ತಾಗುವ ತುದಿಯನ್ನು ಬಿಟ್ಟು ಭುಜವನ್ನೇಕೆ ಚುಚ್ಚಬೇಕು? ಭುಜದ ಬಿಗಿತ ಸಡಿಲವಾದರೆ ತುದಿ ಹೊಡೆತಕ್ಕೆ ಬಾಗಿ ಪುಟಿಯಲು ಅವಕಾಶ ಸಿಗುತ್ತದೆ, ಅದರ ಸ್ಪ್ರಿಂಗಿನ ಗುಣ ಉಳಿಯುತ್ತದೆ. ತುದಿಗೇ ಆಳವಾಗಿ ಚುಚ್ಚಿದರೆ ಮೆಲುದನಿ ಕ್ಷಣಕಾಲ ಇಂಪಾಗಿ ಕೇಳಿಸಿ, ಜೋರು ನುಡಿಗೆ ಮಾತ್ರ ಜೀವವೇ ಇರುವುದಿಲ್ಲ. ಕೊನೆಯ ತಿದ್ದುಪಡಿಗೆ ತುದಿಯಲ್ಲಿ ಮೇಲುಮೇಲಿನ ಕೆಲವು ಚುಚ್ಚು ಸಾಕು.

ಎಲ್ಲ ಸುತ್ತಿಗೆಗಳಿಗೂ ಇದೇ ಚಿಕಿತ್ಸೆಯಲ್ಲ. ಸ್ಟೈನ್‌ವೇ ಸಂಸ್ಥೆಯ ಹ್ಯಾಂಬರ್ಗ್ ಪಿಯಾನೊಗಳ ದಟ್ಟ ಸುತ್ತಿಗೆಗಳನ್ನು ಸೂಜಿಯಿಂದ ಮೆದುಗೊಳಿಸಿದರೆ, ನ್ಯೂಯಾರ್ಕಿನ ಸಡಿಲ ಸುತ್ತಿಗೆಗಳಿಗೆ ತೆಳುವಾದ ಮೆರುಗೆಣ್ಣೆಯನ್ನು ಕುಡಿಸಿ ಗಟ್ಟಿಗೊಳಿಸುತ್ತಾರೆ. ಚುಚ್ಚಿದ್ದನ್ನಾಗಲಿ ಕುಡಿಸಿದ್ದನ್ನಾಗಲಿ ಪೂರ್ತಿ ಹಿಂತೆಗೆದುಕೊಳ್ಳಲಾಗದು. ಆದ್ದರಿಂದ ಕಳಚಿ ಎಸೆದ ಹಳೆಯ ಸುತ್ತಿಗೆಗಳ ಮೇಲೆ ಕೈ ಪಳಗಿಸಿಕೊಳ್ಳುವುದೇ ಕ್ಷೇಮ. ಪ್ರತಿ ಸ್ವರವನ್ನೂ ಅಕ್ಕಪಕ್ಕದ ಸ್ವರಗಳೊಡನೆ, ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ನುಡಿಸಿ ಹೋಲಿಸಬೇಕು. 88 ಕೀಲಿಗಳೂ ಮುಗಿದ ಮೇಲೆ ಗ್ರಾಂಡ್ ಪಿಯಾನೊದ ಎಡಪೆಡಲನ್ನು ಒತ್ತಿ ಮತ್ತೆ ಮೊದಲಿನಿಂದ ಕೇಳಬೇಕಾಗುತ್ತದೆ, ಏಕೆಂದರೆ ಆಗ ಸುತ್ತಿಗೆಗಳ ಸಾಲು ತುಸು ಪಕ್ಕಕ್ಕೆ ಸರಿದು, ಗೀರು ಬೀಳದ ಹೊಸ ಉಣ್ಣೆ ತಂತಿಗೆ ಎದುರಾಗಿರುತ್ತದೆ.