ಗಾಡಿಗೆ ಹೇಳದೆ ಪಾನಾ ಹಿಡಿಯಬೇಡಿ

ಬ್ಯಾಡಗಿಯ ಮೆಣಸಿನಕಾಯಿ ಸಾವ್ಕಾರ್ರೊಬ್ಬರು ಕಳೆದ ವರ್ಷ ಬೆಳಗ್ಗೆ ಗ್ಯಾರೇಜಿನ ಬಾಗಿಲು ತೆಗೆಯುವ ಮೊದಲೇ ಫೋನ್ ಮಾಡಿದ್ದರು. "ಮಿಸ್ತ್ರೀ, ಎಸ್‌ಯುವಿ ಹಿಂದಿನ ಬ್ರೇಕ್ ಪ್ಯಾಡ್ ನಾನಽ ಹಾಕೀನ್ರಿ. ವಿಡಿಯೋ ನೋಡಿ ಒಂದ್ ತಾಸಿನ್ಯಾಗ ಮುಗಿಸಿದೆ. ಈಗ ನೋಡಿದ್ರ ಹ್ಯಾಂಡ್ ಬ್ರೇಕ್ ಹಿಡೀವಲ್ದು, ಮೀಟರ್‌ನ್ಯಾಗ ಹಳದಿ ದೀಪ ಬ್ಯಾರೆ ಹತ್ತೇದ." ಪಿಸ್ಟನ್ ಒಳಗೆ ಹೆಂಗ ತಳ್ಳಿದ್ರಿ ಅಂತ ಕೇಳಿದೆ. "ಸಿ ಕ್ಲ್ಯಾಂಪ್ ಹಚ್ಚಿ ಒತ್ತಿದೆ. ಸ್ವಲ್ಪ ಬಿಗಿ ಇತ್ತು, ಜೋರ್ ಹಾಕಿದೆ." ಅಷ್ಟು ಕೇಳಿದ್ದೇ ನನಗೆ ಗೊತ್ತಾಯಿತು, ಪ್ಯಾಡನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಕ್ಯಾಲಿಪರೇ ಹೊಸದು ತರಿಸಬೇಕು ಅಂತ.

ಸಾವ್ಕಾರ್ರು ದಡ್ಡರಲ್ಲ. ಟ್ರ್ಯಾಕ್ಟರ್ ಬಿಚ್ಚಿ ಕಟ್ಟಿದ ಕೈ ಅದು. ಅವರ ಹಳೆಯ ಜೀಪಿನಲ್ಲಾದರೆ ಇದೇ ಕೆಲಸ ಸರಿಯಾಗೇ ಆಗುತ್ತಿತ್ತು. ಆದರೆ ಈಗಿನ ಬಹುತೇಕ ದುಬಾರಿ ಎಸ್‌ಯುವಿಗಳಲ್ಲಿ ಎಳೆಯುವ ಹ್ಯಾಂಡ್ ಬ್ರೇಕ್ ಇಲ್ಲ, ಒಂದು ಬಟನ್ ಇರುತ್ತೆ. ಆ ಬಟನ್ ಒತ್ತಿದರೆ ಹಿಂದಿನ ಕ್ಯಾಲಿಪರಿಗೆ ಕಚ್ಚಿಕೊಂಡಿರುವ ಒಂದು ಸಣ್ಣ ಮೋಟಾರು ತಿರುಗಿ, ಒಳಗಿನ ಸ್ಕ್ರೂ ಮುಂದೆ ಬಂದು, ಪಿಸ್ಟನ್ನನ್ನು ಪ್ಯಾಡಿಗೆ ಒತ್ತುತ್ತೆ. ಎಲ್ಲ ಕಂಪನಿಯಲ್ಲೂ ಹೀಗೇ ಅಂತಲ್ಲ, ಆದರೆ ಜಾಸ್ತಿ ಗಾಡಿಗಳಲ್ಲಿ ಹೀಗೇ. ಪ್ಯಾಡ್ ಬದಲಿಸುವ ಮೊದಲು ಆ ಸ್ಕ್ರೂ ಹಿಂದಕ್ಕೆ ಹೋಗಬೇಕು, ಅದನ್ನು ಕಂಪ್ಯೂಟರೇ ಕಳಿಸಬೇಕು. ಸರ್ವಿಸ್ ಮೋಡ್ ಅಂತಾರೆ. ಕೆಲವು ಗಾಡಿಗಳಲ್ಲಿ ಸ್ಕ್ರೀನಿನ ಮೆನುವಿನಲ್ಲೇ ಸಿಗುತ್ತೆ, ಇನ್ನು ಕೆಲವಕ್ಕೆ ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು. ಅದನ್ನು ಮಾಡದೆ ಕ್ಲ್ಯಾಂಪ್ ಹಚ್ಚಿದರೆ ಸ್ಕ್ರೂ ಮುಂದೇ ನಿಂತಿರುತ್ತೆ, ನೀವು ಪಿಸ್ಟನ್ನನ್ನು ಹಿಂದಕ್ಕೆ ಒತ್ತುತ್ತೀರಿ, ನಡುವೆ ಸಿಕ್ಕ ಹಲ್ಲುಗಳು ಮುರಿಯುತ್ತವೆ.

ಈ ಗಾಡಿಗಳ ವಿಷಯದಲ್ಲಿ ನಾನು ಎಲ್ಲರಿಗೂ ಹೇಳುವುದು ಇದೇ. ಪಾನಾ ತಿರುಗಿಸುವುದು ಇಲ್ಲೂ ಅಷ್ಟೇ ಸುಲಭ. ಬೋಲ್ಟು ಬೋಲ್ಟೇ. ಕೈ ಹಾಕುವ ಮೊದಲು ಎರಡೇ ಪ್ರಶ್ನೆ ಕೇಳಿಕೊಳ್ಳಿ. ಈ ಕೆಲಸಕ್ಕೆ ಮೊದಲೋ ಆಮೇಲೋ ಗಾಡಿಗೆ ಏನಾದರೂ ಹೇಳಬೇಕಾ? ನನ್ನ ಮೈ ಗಾಡಿಯ ಕೆಳಗೆ ಹೋಗುತ್ತಾ? ಎರಡಕ್ಕೂ ಇಲ್ಲ ಅನ್ನುವುದಾದರೆ ಧೈರ್ಯವಾಗಿ ಮನೆಯಲ್ಲೇ ಮಾಡಿ, ನಮಗ್ಯಾಕೆ ದುಡ್ಡು ಕೊಡುತ್ತೀರಿ?

ಅದೇ ಸಾವ್ಕಾರ್ರ ಗಾಡಿಯ ಎಸಿ ಫಿಲ್ಟರ್ ತೆಗೆದಾಗ ನಮ್ಮ ಹುಡುಗ ಹತ್ತು ಸಲ ಸೀನಿದ. ಬೆಳ್ಳಗಿರಬೇಕಾದ ಫಿಲ್ಟರು ಇಟ್ಟಂಗಿ ಬಣ್ಣಕ್ಕೆ ತಿರುಗಿತ್ತು, ಮಡಿಕೆ ಮಡಿಕೆಯಲ್ಲಿ ಕೆಂಪು ಪುಡಿ, ಒಂದೆರಡು ಮೆಣಸಿನ ಬೀಜ ಕೂಡ ಸಿಕ್ಕವು! ದಿನಾ ಮಾರ್ಕೆಟ್ಟಿನ ಹತ್ತಿರ ನಿಲ್ಲುವ ಗಾಡಿ. "ಎಸಿ ಹಚ್ಚಿದ್ರ ಕೆಮ್ಮು ಬರ್ತೇತಿ, ಗ್ಯಾಸ್ ಹಾಕ್ಸಬೇಕೇನ್ರಿ" ಅಂತ ಅವರು ಆರು ತಿಂಗಳಿಂದ ಕೇಳುತ್ತಿದ್ದರು. ಗ್ಯಾಸಿನದೇನೂ ತಪ್ಪಿರಲಿಲ್ಲ. ಈ ಫಿಲ್ಟರು ಗ್ಲೋವ್ ಬಾಕ್ಸ್ ಹಿಂದೆಯೋ ಬಾನೆಟ್ಟಿನ ಕೆಳಗೆಯೋ ಇರುತ್ತೆ, ಹತ್ತು ಹದಿನೈದು ನಿಮಿಷದ ಕೆಲಸ, ಗಾಡಿಗೆ ಏನೂ ಹೇಳಬೇಕಿಲ್ಲ. ಅಂಚಿನ ಮೇಲೆ ಬಾಣದ ಗುರುತಿರುತ್ತೆ, ಅದು ಗಾಳಿ ಹೋಗುವ ದಿಕ್ಕು. ಉಲ್ಟಾ ಹಾಕಬೇಡಿ. ಕಂಪನಿಯವರು ಪುಸ್ತಕದಲ್ಲಿ ಬರೆದ ಕಿಲೋಮೀಟರು ಗದಗ ಮುಂಡರಗಿ ಕಡೆಯ ಬೇಸಿಗೆ ಧೂಳನ್ನು ನೋಡಿ ಬರೆದದ್ದಲ್ಲ. ಅದರ ಅರ್ಧಕ್ಕೇ ಬದಲಿಸಿ. ಎಂಜಿನ್ನಿನ ಏರ್ ಫಿಲ್ಟರಿಗೂ ಇದೇ ಮಾತು. ಅದನ್ನು ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಊದಿಸಿ ಮತ್ತೆ ಹಾಕುವವರಿದ್ದಾರೆ. ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬಿದ್ದರೆ ಧೂಳೆಲ್ಲ ನೇರ ಟರ್ಬೊ ಬಾಯಿಗೆ.

ಸನ್‌ರೂಫ್ ನೀರಿನ ಪೈಪು ಇನ್ನೊಂದು. ಸನ್‌ರೂಫ್ ಇರುವ ಗಾಡಿ ಬೇಕೇ ಬೇಕು ಅಂತ ಹಟ ಮಾಡಿ ತಗೊಂಡವರಿಗೂ ಇದು ಗೊತ್ತಿರುವುದಿಲ್ಲ, ಗಾಜಿನ ಸುತ್ತ ನೀರು ಇಳಿದೇ ಇಳಿಯುತ್ತೆ, ಕಂಪನಿಯವರೇ ಅದಕ್ಕೆ ಜಾಗ ಬಿಟ್ಟಿರುತ್ತಾರೆ, ಆ ನೀರು ಮೂಲೆಗಳಲ್ಲಿರುವ ಸಣ್ಣ ಪೈಪುಗಳಿಂದ ಕಂಬದೊಳಗೆ ಹಾದು ಕೆಳಗೆ ಹೋಗಬೇಕು. ಧಾರವಾಡದಲ್ಲಿ ಗಿಡದ ಕೆಳಗೆ ಗಾಡಿ ನಿಲ್ಲಿಸದೆ ಬೇರೆ ದಾರಿಯೇ ಇಲ್ಲ. ಬೇವಿನ ಎಲೆ, ಗುಲ್‌ಮೊಹರ್ ಹೂವು, ಮೇಲೆ ಧೂಳು, ಎಲ್ಲ ಸೇರಿ ಪೈಪಿನ ಬಾಯಿಯಲ್ಲಿ ಬಿರಟೆ ಹಾಕಿದ ಹಾಗೆ ಕೂರುತ್ತೆ. ಜೂನ್ ಜುಲೈ ಜಿಟಿಜಿಟಿ ಮಳೆ ಶುರುವಾದರೆ ನೀರು ಕಾಲಡಿಯ ಕಾರ್ಪೆಟ್ಟಿಗೆ. ಕೆಲವು ಗಾಡಿಗಳಲ್ಲಿ ಆ ಕಾರ್ಪೆಟ್ಟಿನ ಕೆಳಗೇ ಕಂಟ್ರೋಲ್ ಯೂನಿಟ್ಟುಗಳು, ವೈರಿನ ಜಾಯಿಂಟುಗಳು ಇರುತ್ತವೆ. ಒದ್ದೆ ನಾಯಿಯ ವಾಸನೆ ಬಂತೆಂದರೆ ಸೆಂಟ್ ಬಾಟಲಿ ತರಬೇಡಿ, ಕಾರ್ಪೆಟ್ ಎತ್ತಿ ನೋಡಿ.

ಪರೀಕ್ಷೆ ಸುಲಭ. ಸನ್‌ರೂಫ್ ತೆಗೆದು ಮೂಲೆಯ ತೂತಿಗೆ ಒಂದು ಲೋಟ ನೀರು ನಿಧಾನ ಹಾಕಿ, ಗಾಡಿಯ ಕೆಳಗೆ ನೀರು ಬೀಳುತ್ತಾ ನೋಡಿ. ಬೀಳದಿದ್ದರೆ ಹುಲ್ಲು ಕತ್ತರಿಸುವ ಮಷಿನ್ನಿನ ನೈಲಾನ್ ದಾರ ತಗೊಂಡು ಮೆಲ್ಲಗೆ ಇಳಿಸಿ. ಗಾಳಿ ಮಾತ್ರ ಹೊಡೆಯಬೇಡಿ. ಇದನ್ನು ನಾನು ದುಡ್ಡು ಕೊಟ್ಟು ಕಲಿತದ್ದು. ಡಾಕ್ಟರೊಬ್ಬರ ಗಾಡಿಗೆ ಜಾಣತನ ಮಾಡಿ ಕಂಪ್ರೆಸರಿನ ಗಾಳಿ ಕೊಟ್ಟೆ, ಫಟ್ ಅಂತ ಸದ್ದಾಯಿತು, ಕಸ ಹೋಯಿತು ಅಂದುಕೊಂಡೆ. ಹೋಗಿದ್ದು ಕಸ ಅಲ್ಲ, ಕಂಬದೊಳಗೆ ಪೈಪೇ ಕಳಚಿಕೊಂಡಿತ್ತು. ಮುಂದಿನ ಮಳೆಗೆ ಮೊದಲಿಗಿಂತ ಜಾಸ್ತಿ ನೀರು ಒಳಗೆ ಬಂತು, ಒಳಗಿನ ಛಾವಣಿ ಬಟ್ಟೆ ಇಳಿಸಿ ಪೈಪು ಮತ್ತೆ ಕೂರಿಸಿದ ಎರಡು ದಿನದ ಕೂಲಿ ನನ್ನ ಕಿಸೆಯದು.

ಬ್ಯಾಟರಿಗೆ ಬರೋಣ. ನೋಡಲು ಸುಲಭ, ಎರಡು ಟರ್ಮಿನಲ್ಲು. ಆದರೆ ಇದು ಗಾಡಿಗೆ ಹೇಳಲೇಬೇಕಾದ ಕೆಲಸ. ಬಿಎಂಡಬ್ಲ್ಯುನಂಥ ಗಾಡಿಗಳು ಬ್ಯಾಟರಿ ಎಷ್ಟು ಹಳೆಯದು ಅಂತ ಲೆಕ್ಕ ಇಟ್ಟು ಅದಕ್ಕೆ ತಕ್ಕಂತೆ ಚಾರ್ಜ್ ಮಾಡುತ್ತವೆ. ಹೊಸದು ಹಾಕಿ ಸುಮ್ನೆ ಇದ್ದರೆ ಗಾಡಿ ಇನ್ನೂ ಮುದುಕ ಬ್ಯಾಟರಿಯೇ ಇದೆ ಅಂದುಕೊಂಡು ಹಳೆಯ ಲೆಕ್ಕದಲ್ಲೇ ಚಾರ್ಜ್ ಮಾಡುತ್ತಾ ಹೋಗುತ್ತೆ, ಹೊಸದರ ಆಯುಷ್ಯ ಕಡಿಮೆಯಾಗುತ್ತೆ. ಸ್ಕ್ಯಾನರಿನಲ್ಲಿ ರಿಜಿಸ್ಟರ್ ಮಾಡಬೇಕು, ಎರಡು ನಿಮಿಷದ ಕೆಲಸ. ಆ್ಯಸಿಡ್ಡನ್ನು ಗಾಜಿನ ನಾರಿನಲ್ಲಿ ಹಿಡಿದಿಡುವ ಎಜಿಎಂ ಬ್ಯಾಟರಿ ಇದ್ದ ಜಾಗಕ್ಕೆ ಎಜಿಎಂ ಮಾತ್ರ, ಇನ್ವರ್ಟರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಸಾದಾ ಬ್ಯಾಟರಿ ತರಬೇಡಿ. ಡಿಕ್ಕಿಯಲ್ಲೋ ಸೀಟಿನ ಕೆಳಗೋ ಬ್ಯಾಟರಿ ಇರುವ ಗಾಡಿಯಲ್ಲಿ ಅದರ ಪಕ್ಕಕ್ಕೆ ಒಂದು ಸಪೂರ ಪೈಪು ಸಿಕ್ಕಿಸಿರುತ್ತಾರೆ, ಚಾರ್ಜ್ ಆಗುವಾಗ ಬರುವ ಗ್ಯಾಸು ಹೊರಗೆ ಹೋಗಲಿ ಅಂತ. ಆ ಪೈಪು ಮರೆತು ಮುಚ್ಚಳ ಹಾಕಿದ ಗಾಡಿಗಳನ್ನು ನಾನು ಲೆಕ್ಕ ಇಡುವುದೇ ಬಿಟ್ಟಿದ್ದೇನೆ.

ಇನ್ನೊಂದು ಮಾತು. ಬ್ಯಾಟರಿ ಸೋತಾಗ ಮೀಟರಿನಲ್ಲಿ ದೀಪಾವಳಿ ಶುರುವಾಗುತ್ತೆ. ಎಬಿಎಸ್, ಏರ್‌ಬ್ಯಾಗ್, ಸಸ್ಪೆನ್ಷನ್, ಗೇರ್ ಬಾಕ್ಸ್, ಎಲ್ಲ ಒಟ್ಟಿಗೇ ಕೆಟ್ಟಿವೆ ಅಂತ ತೋರಿಸುತ್ತೆ. ಹೆದರಿ ಪಾರ್ಟು ಆರ್ಡರ್ ಮಾಡುವ ಮೊದಲು ವೋಲ್ಟೇಜ್ ನೋಡಿ. ಫೋನಿಗೆ ಕೂರುವ ಸಣ್ಣ ಸ್ಕ್ಯಾನರ್ ಒಂದು ಇಟ್ಟುಕೊಳ್ಳಿ, ನಾನು ಬೇಡ ಅನ್ನಲ್ಲ, ಆದರೆ ಅದರಲ್ಲಿ ಗಾಡಿ ಬರೆದಿಟ್ಟ ದೋಷದ ಕೋಡ್ ಅಳಿಸುವುದು ರಿಪೇರಿ ಅಲ್ಲ. ಜ್ವರ ಇಳಿಯಲಿಲ್ಲ ಅಂತ ಥರ್ಮಾಮೀಟರ್ ಜಾಡಿಸಿದ ಹಾಗೆ ಅದು.

ಜಾಕಿನ ವಿಷಯಕ್ಕೆ ನಾನು ಸ್ವಲ್ಪ ದನಿ ಏರಿಸುತ್ತೇನೆ. ಈ ಗಾಡಿಗಳಲ್ಲಿ ಹಲವು ಎರಡು ಟನ್ ದಾಟುತ್ತವೆ. ಏರ್ ಸಸ್ಪೆನ್ಷನ್ ಇದ್ದರೆ, ಅಂದರೆ ಗಾಡಿ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರು ಬಲೂನುಗಳ ಮೇಲೆ ನಿಂತಿದ್ದರೆ, ಜಾಕ್ ಹಚ್ಚುವ ಮೊದಲು ಮೆನುವಿನಲ್ಲಿ ಜಾಕ್ ಮೋಡ್ ಆನ್ ಮಾಡಬೇಕು, ಇಲ್ಲವಾದರೆ ಒಂದು ಮೂಲೆ ಎತ್ತರವಾಯಿತು ಅಂತ ತಿಳಿದು ಗಾಡಿ ತನ್ನಷ್ಟಕ್ಕೆ ಗಾಳಿ ಬಿಟ್ಟು ಕೆಳಗಿಳಿಯಲು ನೋಡುತ್ತೆ. ಆಗ ನಿಮ್ಮ ಕೈ ಎಲ್ಲಿರುತ್ತೆ? ಕಂಪನಿ ಕೊಟ್ಟ ಜಾಕು ಸ್ಟೆಪ್ನಿ ಹಾಕಲು ಮಾತ್ರ. ಕೆಳಗೆ ಹೋಗಬೇಕಾದರೆ ಸ್ಟ್ಯಾಂಡು ಬೇಕು. ಇಟ್ಟಂಗಿ ಅಲ್ಲ, ಕಲ್ಲಲ್ಲ, ಹಳೆಯ ರಿಮ್ ಅಲ್ಲ. ಎರೆ ನೆಲದ ಮೇಲಂತೂ ಬೇಡವೇ ಬೇಡ, ಬೆಳಗ್ಗೆ ಗಟ್ಟಿ ಇದ್ದ ನೆಲ ಒಂದು ಮಳೆಗೆ ಬೆಣ್ಣೆ.

ಎರೆ ಮಣ್ಣು ಅಂದ ಮೇಲೆ ಏರ್ ಸಸ್ಪೆನ್ಷನ್ ಬಲೂನಿನ ಕಥೆ ಹೇಳಲೇಬೇಕು. ಹೊಲದ ದಾರಿಯ ಕೆಸರು ಬಲೂನಿನ ರಬ್ಬರು ಮಡಿಚುವ ಜಾಗದಲ್ಲಿ ಹೋಗಿ ಕೂರುತ್ತೆ, ಒಣಗುತ್ತೆ, ಆಮೇಲೆ ಪ್ರತಿ ಗುಂಡಿಗೂ ಮರಳು ಕಾಗದದ ಹಾಗೆ ರಬ್ಬರನ್ನು ತಿಕ್ಕುತ್ತೆ. ಕೂದಲೆಳೆಯಷ್ಟು ಬಿರುಕು ಬಿಡುತ್ತೆ. ರಾತ್ರಿ ಸರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಒಂದು ಮೂಲೆ ಕೂತಿರುತ್ತೆ, ಸ್ಟಾರ್ಟ್ ಮಾಡಿದರೆ ಮತ್ತೆ ಏಳುತ್ತೆ. "ಏಳ್ತೇತಲ್ರಿ, ನಡೀತೇತಿ" ಅಂತ ಓಡಿಸುತ್ತಲೇ ಇರುತ್ತಾರೆ. ಏಳುತ್ತಿರುವುದು ಕಂಪ್ರೆಸರಿನ ಪುಣ್ಯದಿಂದ. ಅದು ಆಗೊಮ್ಮೆ ಈಗೊಮ್ಮೆ ಓಡಲು ಮಾಡಿದ ಯಂತ್ರ, ದಿನವಿಡೀ ಓಡಿದರೆ ಕಾದು ಸಾಯುತ್ತೆ. ಒಂದು ಬಲೂನಿನಲ್ಲಿ ಮುಗಿಯುವ ಖರ್ಚು ಬಲೂನು, ಕಂಪ್ರೆಸರ್, ರಿಲೇ ಅಂತ ಮೂರಾಗುತ್ತೆ.

ಸೋರಿಕೆ ಹುಡುಕುವುದು ಮನೆಯಲ್ಲೇ ಆಗುವ ಕೆಲಸ. ಪಾತ್ರೆ ತೊಳೆಯುವ ಸೋಪಿನ ನೀರು ಸ್ಪ್ರೇ ಬಾಟಲಿಗೆ ತುಂಬಿ, ಗಾಡಿ ಎತ್ತರದ ಮಟ್ಟದಲ್ಲಿದ್ದಾಗ ಹೊರಗಿನಿಂದಲೇ, ಚಕ್ರದ ಸಂದಿಯಿಂದ, ಕೆಳಗೆ ತಲೆ ಹಾಕದೆ, ಬಲೂನಿನ ಮಡಿಕೆಗೆ ಹೊಡೆಯಿರಿ. ಗುಳ್ಳೆ ಎದ್ದರೆ ಅಲ್ಲೇ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದೇ ಜಾಗಕ್ಕೆ ಸಾದಾ ಪೈಪಿನ ನೀರು ಬಿಟ್ಟು ಕೆಸರು ತೊಳೆದರೆ ಅರ್ಧ ಸಮಸ್ಯೆ ಬರುವುದೇ ಇಲ್ಲ. ಬಲೂನು ಬದಲಿಸುವುದು ಮಾತ್ರ ನಮಗೆ ಬಿಡಿ. ಮೊದಲು ಗಾಳಿ ಇಳಿಸಬೇಕು, ಹೊಸದನ್ನು ಗಾಡಿಯ ಭಾರ ಬೀಳುವ ಮೊದಲೇ ಸ್ವಲ್ಪ ಊದಿಸಬೇಕು. ಖಾಲಿ ಬಲೂನಿನ ಮೇಲೆ ಗಾಡಿ ಇಳಿಸಿದರೆ ರಬ್ಬರು ತಪ್ಪು ಮಡಿಕೆ ಬಿದ್ದು ಹೊಸದೇ ಹರಿಯುತ್ತೆ.

ನೀರು, ಆಯಿಲ್ ಬಗ್ಗೆ ಚುಟುಕಾಗಿ. ಎಂಜಿನ್ ತಂಪು ಮಾಡುವ ಕೂಲೆಂಟಿಗೆ ಬೋರಿನ ನೀರು ಹಾಕಬೇಡಿ, ಗದಗ ಕಡೆಯ ಬೋರಿನ ನೀರು ಕಾಯಿಸಿದ ಪಾತ್ರೆ ನೋಡಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ. ಡೀಸೆಲ್ ಗಾಡಿಯಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇದ್ದರೆ ಆಯಿಲ್ ಡಬ್ಬಿಯ ಮೇಲೆ ಕಂಪನಿಯ ಅಪ್ರೂವಲ್ ನಂಬರ್ ನೋಡಿ, ಆಯಿಲ್ ಎಷ್ಟು ದಪ್ಪ ಅಂತ ಹೇಳುವ ಬರೀ 5ಡಬ್ಲ್ಯು-30 ಅಂದರೆ ಸಾಲದು. ಡೀಸೆಲ್ ಹೊಗೆಯ ವಿಷ ಕಡಿಮೆ ಮಾಡುವ ಆ್ಯಡ್‌ಬ್ಲೂ ನೀವೇ ತುಂಬಬಹುದು, ಅದು 32.5% ಯೂರಿಯಾ ಇರುವ ಶುದ್ಧ ನೀರು ಅಷ್ಟೆ. ನೀಲಿ ಮುಚ್ಚಳಕ್ಕೆ ಮಾತ್ರ. ಅಪ್ಪಿತಪ್ಪಿ ಡೀಸೆಲ್ ಟ್ಯಾಂಕಿಗೆ ಹೋದರೆ ಸ್ವಿಚ್ ಕೂಡ ಆನ್ ಮಾಡದೆ ಟೋ ಮಾಡಿಸಿ.

ಅಪ್‌ಗ್ರೇಡ್ ಅಂತ ಬರುವವರ ಪಟ್ಟಿ ದೊಡ್ಡದು, ನನ್ನ ಉತ್ಸಾಹ ಸಣ್ಣದು. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸಿಕೊಂಡವರಿಗೆ ಎರಡು ವಿಷಯ ಹೇಳುತ್ತೇನೆ. ಅದು ಏರ್‌ಬ್ಯಾಗಿನ ಲೆಕ್ಕ ತಪ್ಪಿಸಬಹುದು, ಮತ್ತೆ 2017ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ಅದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ ಅಂತ ರಾಜ್ಯಗಳಿಗೆ ಬರೆದಿದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಗಾಡಿಗೆ ದಪ್ಪ ಸೀಟ್ ಕವರ್ ಹೊಲಿಸುವುದೂ ಅದೇ ಜಾತಿಯ ತಪ್ಪು. ಡ್ಯಾಶ್‌ಕ್ಯಾಮ್ ಹಾಕಿಸಿ, ಬೈಪಾಸಿನಲ್ಲಿ ಓಡಾಡುವವರಿಗೆ ಅದು ಬೇಕು, ಆದರೆ ಯಾವುದೋ ವೈರು ಸುಲಿದು ಟೇಪು ಸುತ್ತುವವನ ಹತ್ತಿರ ಅಲ್ಲ. ಫ್ಯೂಸ್ ಬಾಕ್ಸಿನಿಂದ, ಸ್ವಿಚ್ ಆಫ್ ಆದಾಗ ಕರೆಂಟು ನಿಲ್ಲುವ ಫ್ಯೂಸಿನಿಂದ ತಗೊಳ್ಳಬೇಕು.

ನನ್ನನ್ನು ಕೇಳಿದರೆ ನಮ್ಮ ರಸ್ತೆಗೆ ಒಳ್ಳೆಯ ಅಪ್‌ಗ್ರೇಡು ಅಂದರೆ ರಿಮ್ ಒಂದು ಇಂಚು ಸಣ್ಣದು ಮಾಡುವುದು. ನಗಬೇಡಿ. 21 ಇಂಚಿನ ರಿಮ್ಮಿಗೆ ಚಪ್ಪಟೆ ಟೈರು ಹಾಕಿ ಮಳೆಗಾಲದ ಗುಂಡಿಗೆ ಬಿಟ್ಟರೆ ಟೈರಿನ ಹೊಟ್ಟೆ ಉಬ್ಬುತ್ತೆ, ರಿಮ್ ಬಾಗುತ್ತೆ. ಅದೇ ಮಾಡೆಲ್ಲಿಗೆ ಕಂಪನಿಯೇ ಕೊಡುವ ಸಣ್ಣ ರಿಮ್, ಎತ್ತರದ ಟೈರು ಹಾಕಿದರೆ ಒಟ್ಟು ವ್ಯಾಸ ಅಷ್ಟೇ ಇರುತ್ತೆ, ಗುಂಡಿಯ ಪೆಟ್ಟನ್ನು ರಬ್ಬರು ನುಂಗುತ್ತೆ. ಬ್ರೇಕ್ ಕ್ಯಾಲಿಪರಿಗೆ ತಾಗುವುದಿಲ್ಲ ಅಂತ ಮೊದಲು ನೋಡಿಕೊಳ್ಳಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದರೆ ನಾಲ್ಕೂ ಟೈರು ಒಟ್ಟಿಗೇ ಬದಲಿಸಿ, ಎರಡು ಹೊಸದು ಎರಡು ಸವೆದದ್ದು ಮಾಡಿದರೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಟ್ರಾನ್ಸ್‌ಫರ್ ಕೇಸ್ ಸವೆದು ಹಾಳಾಗುತ್ತೆ.

ಬ್ಯಾಡಗಿ ಸಾವ್ಕಾರ್ರು ಆಮೇಲೆ ಬ್ರೇಕಿಗೆ ಕೈ ಹಾಕಿಲ್ಲ. ಫಿಲ್ಟರು ತಾವೇ ಬದಲಿಸುತ್ತಾರೆ. ಈ ಮಳೆಗಾಲ ಒಂದು ಬೆಳಗ್ಗೆ ವಿಡಿಯೋ ಕಳಿಸಿದ್ದರು, ಹಿಂದಿನ ಎಡಗಡೆ ಬಲೂನಿನ ಮಡಿಕೆಯಲ್ಲಿ ಸೋಪಿನ ನೊರೆ, ಅದರ ನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. "ಗುಳ್ಳಿ ಬರಾಕತ್ತಾವ್ರಿ ಮಿಸ್ತ್ರಿ. ಇದನ್ನ ನಾನಽ ಬದಲ್ ಮಾಡ್ಲೇನು?" ಬ್ಯಾಡ್ರಿ ಸಾವ್ಕಾರ್ರ, ಓಡಿಸಲೂ ಬ್ಯಾಡ್ರಿ, ಟೋ ಗಾಡಿ ಕಳಿಸ್ತೀನಿ ಅಂದೆ. ಕಂಪ್ರೆಸರ್ ಉಳಿದಿತ್ತು.