‘ರೆಸಿಸ್ಟೆಂಟ್’ ಎಂದು ವರದಿ ಬಂದರೆ ಮಗುವಿನ ಕಣ್ಣಿಗೆ ಔಷಧವೇ ಇಲ್ಲವೇ?

ಪ್ರಶ್ನೆ: ಆಡುವಾಗ ಕಡ್ಡಿ ಚುಚ್ಚಿ ನಮ್ಮ ಐದು ವರ್ಷದ ಮಗನ ಕರಿಗುಡ್ಡೆಯ ಮೇಲೆ ಬಿಳಿ ಹುಣ್ಣಾಗಿದೆ. ಮೂರು ದಿನದಿಂದ ಮಾಕ್ಸಿಫ್ಲಾಕ್ಸಾಸಿನ್ ಡ್ರಾಪ್ಸ್ ಹಾಕುತ್ತಿದ್ದೇವೆ. ಈಗ ಲ್ಯಾಬ್ ವರದಿಯಲ್ಲಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ, ಅದೇ ಔಷಧಕ್ಕೆ ‘ರೆಸಿಸ್ಟೆಂಟ್’ (ಬಗ್ಗದ್ದು) ಎಂದು ಬಂದಿದೆ. ಮುಂದೇನು?

ಉತ್ತರ: ಆ ಹಾಳೆಯನ್ನು ಇನ್ನೊಮ್ಮೆ ಬಿಡಿಸಿ ನೋಡಿ. ಒಂದೊಂದು ಔಷಧದ ಮುಂದೆಯೂ ‘ಎಸ್’ (ಬಗ್ಗುತ್ತದೆ), ‘ಐ’ (ನಡುವಿನದು) ಅಥವಾ ‘ಆರ್’ (ರೆಸಿಸ್ಟೆಂಟ್) ಎಂದಿರುತ್ತದೆ. ಎಲ್ಲ ಸಾಲುಗಳಲ್ಲೂ ‘ಆರ್’ ಇರುವುದು ಅಪರೂಪ. ಅಲ್ಲದೆ ಆ ಅಳತೆಗೋಲು ಸಿದ್ಧವಾಗಿರುವುದು ರಕ್ತಕ್ಕೆ ಸೇರುವ ಔಷಧದ ಲೆಕ್ಕದಲ್ಲಿ. ಕಣ್ಣಿಗೆ ನೇರವಾಗಿ ಬಿಡುವ ಹನಿ ಅದಕ್ಕಿಂತ ಎಷ್ಟೋ ಪಟ್ಟು ಗಾಢ. ಆದ್ದರಿಂದಲೇ ವೈದ್ಯರು ವರದಿಗಿಂತ ಹುಣ್ಣಿನ ಅಂಚನ್ನು ನಂಬುತ್ತಾರೆ. ಅಂಚು ಮಾಯುತ್ತಿದ್ದರೆ ‘ಆರ್’ ಇದ್ದರೂ ಅದೇ ಔಷಧ ಮುಂದುವರಿಯಬಹುದು. ಹಬ್ಬುತ್ತಿದ್ದರೆ ಬದಲಿಸುತ್ತಾರೆ.

ಬದಲಿ ಔಷಧ ಹೆಚ್ಚಾಗಿ ಅಂಗಡಿಯ ಸೀಸೆಯಲ್ಲಿ ಸಿಗುವುದಿಲ್ಲ. ಇಂಜೆಕ್ಷನ್ ಔಷಧವನ್ನು ಆಸ್ಪತ್ರೆಯಲ್ಲೇ ಶುದ್ಧವಾಗಿ ಕಲಸಿ ಕಣ್ಣಿನ ಹನಿ ಮಾಡುತ್ತಾರೆ. ಸೂಡೊಮೊನಾಸ್‌ಗೆ ಅಮಿಕಾಸಿನ್, ಸೆಫ್ಟಾಜಿಡೈಮ್. ಅವೂ ಸೋತರೆ ಇಮಿಪೆನೆಮ್ ಅಥವಾ ಶೇ 0.19ರ ಕೊಲಿಸ್ಟಿನ್. ಹಟಮಾರಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಆಗಿದ್ದರೆ ಶೇ 5ರ ವ್ಯಾಂಕೊಮೈಸಿನ್. ಇವನ್ನು ಫ್ರಿಜ್‌ನಲ್ಲಿಡಬೇಕು, ಕೆಲವೇ ದಿನಗಳಲ್ಲಿ ಹೊಸದು ಮಾಡಿಸಬೇಕು. ಉರಿಯುತ್ತವೆ, ಮಗು ಅಳುತ್ತದೆ.

ಮೊದಲ ಎರಡು ದಿನ ಹಗಲೂ ರಾತ್ರಿ ಗಂಟೆಗೊಮ್ಮೆ ಹನಿ ಬೀಳಬೇಕು. ರಾತ್ರಿ ಎರಡು ಗಂಟೆಯ ಹನಿ ತಪ್ಪಬಾರದೆಂದೇ ಅನೇಕ ಮಕ್ಕಳನ್ನು ದಾಖಲಿಸಿಕೊಳ್ಳುತ್ತಾರೆ. ಮಗು ಕಣ್ಣು ಬಿಗಿಯಾಗಿ ಮುಚ್ಚಿದರೆ ಜಗ್ಗಾಡಬೇಡಿ. ಅಂಗಾತ ಮಲಗಿಸಿ ಮೂಗಿನ ಪಕ್ಕದ ಮೂಲೆಯಲ್ಲಿ ಹನಿ ಬಿಡಿ, ರೆಪ್ಪೆ ತೆರೆದಾಗ ಅದು ತಾನಾಗಿ ಒಳಗೆ ಜಾರುತ್ತದೆ. ಎರಡು ಔಷಧಗಳಿದ್ದರೆ ನಡುವೆ ಐದು ನಿಮಿಷ ಬಿಡಿ.

ಔಷಧ ನಾಟದಿದ್ದಾಗ ತಪ್ಪು ಯಾವಾಗಲೂ ಬ್ಯಾಕ್ಟೀರಿಯಾದ್ದೇ ಅಲ್ಲ. ಕಡ್ಡಿ, ಕಬ್ಬಿನ ಗರಿ, ಭತ್ತದ ಹೊಟ್ಟು ತಾಗಿದ ಕಣ್ಣಿನಲ್ಲಿ ಶಿಲೀಂಧ್ರವೂ ಸೇರಿಕೊಂಡಿರಬಹುದು; ಅದಕ್ಕೆ ನಟಮೈಸಿನ್ ಬೇಕು. ಹುಣ್ಣನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರಕ್ಕೂ ನೋಡಿದ್ದಾರೆಯೇ ಎಂದು ಕೇಳಿ. ಮನೆಯಲ್ಲಿರುವ ಹಳೆಯ ಸೀಸೆಗಳ ಲೇಬಲ್ ಓದಿ: ಡೆಕ್ಸಾಮೆಥಸೋನ್ ಅಥವಾ ಪ್ರೆಡ್ನಿಸೊಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಕೆಂಪು ಇಳಿಸಿ ನೆಮ್ಮದಿ ಕೊಡುತ್ತದೆ, ಒಳಗೊಳಗೇ ಹುಣ್ಣನ್ನು ಬೆಳೆಸುತ್ತದೆ. ವೈದ್ಯರು ಹೇಳದೆ ಹಾಕಬೇಡಿ. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲಿನ ರಸ, ನಾಲಿಗೆಯಿಂದ ಕಸ ತೆಗೆಯುವುದು ಇವೂ ಬೇಡ. (ಅಜ್ಜಿಯೊಂದಿಗೆ ಜಗಳವಾದರೂ ಪರವಾಗಿಲ್ಲ.)

ನೋವು ಏಕಾಏಕಿ ಹೆಚ್ಚಿ, ರೆಪ್ಪೆ ಊದಿ, ದೃಷ್ಟಿ ಮಬ್ಬಾದರೆ ಬೆಳಗಿನವರೆಗೆ ಕಾಯಬೇಡಿ. ಕಡ್ಡಿ ಗುಡ್ಡೆಯನ್ನು ತೂರಿ ಹೋಗಿದ್ದರೆ ಸೋಂಕು ಕಣ್ಣಿನ ಒಳಗೇ ಇಳಿಯಬಹುದು. ಮಣ್ಣಿನಲ್ಲಿರುವ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಒಂದೆರಡು ದಿನಗಳಲ್ಲೇ ಕಣ್ಣನ್ನು ಹಾಳುಮಾಡುತ್ತದೆ. ಆಗ ಹನಿ ಸಾಲದು. ಅರಿವಳಿಕೆ ಕೊಟ್ಟು ಕಣ್ಣಿನೊಳಕ್ಕೇ ವ್ಯಾಂಕೊಮೈಸಿನ್ ಚುಚ್ಚುತ್ತಾರೆ.

ಹುಣ್ಣು ಮಾಯ್ದ ಮೇಲೂ ಕಲೆ ಉಳಿಯಬಹುದು. ಐದು ವರ್ಷದ ಮಿದುಳು ಮಸುಕಾದ ಕಣ್ಣನ್ನು ಬೇಗ ಕೈಬಿಡುತ್ತದೆ, ಆ ಕಣ್ಣು ಸೋಮಾರಿಯಾಗುತ್ತದೆ. ಅದಕ್ಕೇ ಕನ್ನಡಕ ಕೊಟ್ಟು, ದಿನಕ್ಕೆ ಕೆಲವು ಗಂಟೆ ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಹಾಕಿಸುತ್ತಾರೆ. ಮಗ ಅದನ್ನು ಕಿತ್ತೆಸೆಯುತ್ತಾನೆ; ನೀವು ಮತ್ತೆ ಅಂಟಿಸುತ್ತೀರಿ.